ಮೊದಲು ಆಸಕ್ತಿ, ಆಮೇಲೆ ತಿಂಗಳು, ಕೊನೆಗೆ ದೇಶ: ಮೈಸೂರು–ಮಂಡ್ಯದವರಿಗೆ ನಿರಾಳ ವಿದೇಶ ಪ್ರವಾಸದ ಮಾರ್ಗದರ್ಶಿ

ನಮ್ಮ ಕಡೆ ವಿದೇಶ ಪ್ರವಾಸದ ಮಾತು ಸಾಮಾನ್ಯವಾಗಿ ದೇಶದ ಹೆಸರಿನಿಂದಲೇ ಶುರುವಾಗುತ್ತದೆ. ಪಕ್ಕದ ಮನೆಯವರು ಸಿಂಗಪುರಕ್ಕೆ ಹೋಗಿ ಬಂದರು, ನೆಂಟರೊಬ್ಬರು ಹತ್ತು ದಿನಗಳಲ್ಲಿ ಯುರೋಪಿನ ಏಳು ದೇಶ ನೋಡಿ ಬಂದರು ಎಂಬ ಸುದ್ದಿಯಿಂದ ದೇಶ ತೀರ್ಮಾನವಾಗುತ್ತದೆ. ಮಕ್ಕಳಿಗೆ ರಜೆ ಇರುವುದು ಯಾವಾಗ ಎಂಬುದರಿಂದ ತಿಂಗಳು ತೀರ್ಮಾನವಾಗುತ್ತದೆ. ಅಲ್ಲಿ ಏನು ಮಾಡಬೇಕು ಎಂಬುದನ್ನು ಟ್ರಾವೆಲ್ ಏಜೆಂಟರ ಪಟ್ಟಿ ತೀರ್ಮಾನಿಸುತ್ತದೆ. ಈ ಕ್ರಮವನ್ನು ಪೂರ್ತಿ ತಿರುಗಿಸಿಕೊಂಡರೆ ಖರ್ಚೂ ದಣಿವೂ ಎಷ್ಟೋ ಕಡಿಮೆಯಾಗುತ್ತವೆ ಎಂಬುದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಕೆಲವು ವರ್ಷಗಳ ಹಿಂದೆ, ದಸರಾ ರಜೆ ಸಿಕ್ಕಿತೆಂಬ ಒಂದೇ ಕಾರಣಕ್ಕೆ, ಅಕ್ಟೋಬರ್‌ನಲ್ಲಿ ಮಧ್ಯ ವಿಯೆಟ್ನಾಂನ ಹೊಯಿ ಆನ್‌ಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋದೆ. ಆ ಕರಾವಳಿಗೆ ಮಳೆಗಾಲ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲು ನಾನು ನೋಡಿರಲಿಲ್ಲ. ಐದು ದಿನಗಳಲ್ಲಿ ಮೂರು ದಿನ ಹೋಟೆಲಿನ ಕಿಟಕಿಯಿಂದ ಮಳೆ ನೋಡಿದೆವು.

ಮೊದಲ ಹೆಜ್ಜೆ: ಇಷ್ಟಗಳನ್ನು ಬರೆದುಕೊಳ್ಳುವುದು

ಪ್ರಯಾಣಕ್ಕೆ ಎಂಟು ಹತ್ತು ತಿಂಗಳು ಇರುವಾಗಲೇ, ಹೋಗಬೇಕೆಂದಿರುವ ಪ್ರತಿಯೊಬ್ಬರೂ ತಮಗೆ ಇಷ್ಟವಾದ ಎರಡು ಸಂಗತಿಗಳನ್ನು ಮಾತ್ರ ಕಾಗದದಲ್ಲಿ ಬರೆಯಲಿ. ದೇಶದ ಹೆಸರನ್ನು ಯಾರೂ ಬರೆಯಬಾರದು. ಇಷ್ಟ ಏನೆಂದು ತಿಳಿಯದವರು ತಮ್ಮ ಭಾನುವಾರದ ಬೆಳಿಗ್ಗೆ ಹೇಗೆ ಕಳೆಯುತ್ತದೆ ಎಂದು ಯೋಚಿಸಿದರೆ ಸಾಕು. ರಂಗನತಿಟ್ಟಿಗೆ ದುರ್ಬೀನು ಹಿಡಿದು ಹೋಗುವವರಿದ್ದಾರೆ, ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನವನ್ನು ಒಂದು ವರ್ಷವೂ ತಪ್ಪಿಸದವರಿದ್ದಾರೆ, ಸೋಮನಾಥಪುರದ ಕಂಬಗಳ ಮುಂದೆ ಗಂಟೆಗಟ್ಟಲೆ ನಿಲ್ಲುವವರಿದ್ದಾರೆ, ಕಾಫಿ ಕುಡಿಯುತ್ತ ಸುಮ್ಮನೆ ಕುಳಿತಿರುವುದೇ ಇಷ್ಟ ಎನ್ನುವವರೂ ಇದ್ದಾರೆ. ಕೊನೆಯವರ ಇಷ್ಟವನ್ನೂ ಪಟ್ಟಿಯಲ್ಲಿ ಸೇರಿಸಬೇಕು, ಏಕೆಂದರೆ ಪ್ರವಾಸದಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಅವರ ಮತ್ತು ಬೆಳಗಿನ ಆರಕ್ಕೇ ಎಲ್ಲರನ್ನೂ ಎಬ್ಬಿಸುವವರ ನಡುವೆ.

ಆಸಕ್ತಿ ಒಮ್ಮೆ ಸ್ಪಷ್ಟವಾದರೆ ಋತು ತಾನಾಗಿಯೇ ಅದರ ಹಿಂದೆ ಬರುತ್ತದೆ. ಇದಕ್ಕೆ ನಮ್ಮ ಹತ್ತಿರದ ಉದಾಹರಣೆ ಕಬಿನಿ. ಬೇಸಿಗೆಯಲ್ಲಿ ಹಿನ್ನೀರು ಇಳಿದು, ಬಯಲಾದ ನೆಲದಲ್ಲಿ ಹಸಿರು ಹುಲ್ಲು ಚಿಗುರಿದಾಗ ಆನೆಗಳು ಅಲ್ಲಿಗೆ ಹಿಂಡುಗಟ್ಟಿ ಬರುತ್ತವೆ ಎಂಬುದು ನಮಗೆಲ್ಲ ಗೊತ್ತು. ಶ್ರೀಲಂಕಾದ ಮಿನ್ನೇರಿಯ ಕೆರೆಯಲ್ಲಿ ಇದೇ ಕಾರಣಕ್ಕೆ ಇದೇ ದೃಶ್ಯ ಕಾಣುತ್ತದೆ, ಆದರೆ ಅಲ್ಲಿ ಒಣಹವೆ ಬರುವುದು ನಮ್ಮ ಮಳೆಗಾಲದಲ್ಲಿ, ಆದ್ದರಿಂದ ಆನೆಗಳು ಹೆಚ್ಚಾಗಿ ಸೇರುವುದು ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ. ಶ್ರೀಲಂಕಾ ಎಂಬ ಹೆಸರನ್ನಷ್ಟೇ ಹಿಡಿದು ಜನವರಿಯಲ್ಲಿ ಹೋದವರಿಗೆ ಅಲ್ಲಿ ತುಂಬಿದ ಕೆರೆ ಸಿಗುತ್ತದೆ, ಆನೆಯ ಹಿಂಡು ಸಿಗುವುದಿಲ್ಲ.

ಎರಡನೆಯ ಹೆಜ್ಜೆ: ನಿಜವಾದ ಬಿಡುವು ಯಾವಾಗ?

ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಏಪ್ರಿಲ್–ಮೇ ಮತ್ತು ದಸರಾ ಬಿಟ್ಟರೆ ಬೇರೆ ದಾರಿ ಇಲ್ಲ. ಉಳಿದವರು ರಜೆ ಎಂಬ ಪದವನ್ನು ಸ್ವಲ್ಪ ಹೊತ್ತು ಮರೆತು ಪಂಚಾಂಗವನ್ನು ಎದುರಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಆಷಾಢದಲ್ಲಿ ಮದುವೆ ಗೃಹಪ್ರವೇಶಗಳಿಲ್ಲ. ಚಾಮುಂಡಿ ಬೆಟ್ಟದ ಶುಕ್ರವಾರಗಳನ್ನು ಹೊರತುಪಡಿಸಿದರೆ ಎಲ್ಲಿಗೂ ಓಡಬೇಕಾದ ಪ್ರಸಂಗ ಬರುವುದಿಲ್ಲ. ಹೆಚ್ಚಾಗಿ ಸೆಪ್ಟೆಂಬರ್‌ನಲ್ಲಿ ಬೀಳುವ ಮಹಾಲಯ ಪಕ್ಷದಲ್ಲಿಯೂ ಶುಭಕಾರ್ಯಗಳ ಆಹ್ವಾನ ಬರುವುದಿಲ್ಲ, ಮನೆಯ ಶ್ರಾದ್ಧದ ದಿನವೊಂದನ್ನು ನೋಡಿಕೊಂಡರೆ ಸಾಕು. ಯುರೋಪಿನ ದೊಡ್ಡ ಭಾಗದಲ್ಲಿ ಬೇಸಿಗೆಯ ನೂಕುನುಗ್ಗಲು ಇಳಿದು, ಹವೆ ಇನ್ನೂ ಹಿತವಾಗಿರುವ ತಿಂಗಳು ಅದೇ. ಮಂಡ್ಯದ ಕಡೆ ನಾಲೆಯ ನೀರು ನಂಬಿ ಭತ್ತ ಬೆಳೆಯುವವರಿಗೆ ಕೊಯ್ಲು, ಒಕ್ಕಣೆ ಮುಗಿದು ಸಂಕ್ರಾಂತಿ ಕಳೆದ ಮೇಲಿನ ಕೆಲವು ವಾರಗಳು ಬಿಡುವಿನವು. ಕಬ್ಬು ಹಾಕಿದವರು ಮಾತ್ರ ಕಾರ್ಖಾನೆಯಿಂದ ಕಟಾವಿನ ಸರದಿ ಬರುವ ಮೊದಲು ಟಿಕೆಟ್ ಕೊಳ್ಳದಿರುವುದೇ ಕ್ಷೇಮ. ನಿವೃತ್ತರಿಗೆ ಎಲ್ಲ ತಿಂಗಳೂ ಒಂದೇ, ಆದರೂ ಅವರಲ್ಲಿ ಎಷ್ಟೋ ಜನ ಮೇ ತಿಂಗಳ ದುಬಾರಿ ವಿಮಾನವನ್ನೇ ಹಿಡಿಯುತ್ತಾರೆ. ಇದು ನನಗೆ ಇಂದಿಗೂ ಅರ್ಥವಾಗಿಲ್ಲ.

ಮೂರನೆಯ ಹೆಜ್ಜೆ: ಬಿಡುವಿನ ತಿಂಗಳಿಗೆ ಹೊಂದುವ ಊರು

ಇಲ್ಲಿ ಅವಸರ ಬೇಡ. ಒಂದು ವಾರವಿಡೀ ಇದಕ್ಕಾಗಿ ಕಳೆದರೂ ನಷ್ಟವಿಲ್ಲ. ಮೊದಲು ನೆನಪಿಡಬೇಕಾದದ್ದು, ಒಂದು ದೇಶಕ್ಕೆ ಒಂದೇ ಋತು ಇರಬೇಕೆಂಬ ನಿಯಮವಿಲ್ಲ ಎಂಬುದು. ಶ್ರೀಲಂಕಾಕ್ಕೆ ಎರಡು ಮಳೆಗಾಲಗಳಿವೆ. ಮೇನಿಂದ ಸೆಪ್ಟೆಂಬರ್‌ವರೆಗಿನ ನೈರುತ್ಯ ಮಾರುತ ಕೊಲಂಬೊ, ಗಾಲೆಯ ಕಡೆ ಸುರಿಯುವಾಗ ಪೂರ್ವದ ಟ್ರಿಂಕೋಮಲಿಯ ಕಡಲು ಶಾಂತವಾಗಿರುತ್ತದೆ. ವರ್ಷದ ಕೊನೆಗೆ ಈಶಾನ್ಯ ಮಾರುತ ಬಂದಾಗ ಇದು ಅದಲುಬದಲಾಗುತ್ತದೆ. ಥಾಯ್ಲೆಂಡಿನಲ್ಲಿಯೂ ಹಾಗೆಯೇ: ಪಶ್ಚಿಮದ ಫುಕೆಟ್‌ಗೆ ಮೇನಿಂದ ಅಕ್ಟೋಬರ್‌ವರೆಗೆ ಮಳೆಯಾದರೆ, ಪೂರ್ವದ ಕೊಹ್ ಸಮುಯಿ ದ್ವೀಪಕ್ಕೆ ಜೋರು ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಉದ್ದಕ್ಕೆ ಚಾಚಿಕೊಂಡಿರುವ ವಿಯೆಟ್ನಾಂನ ಉತ್ತರ, ಮಧ್ಯ, ದಕ್ಷಿಣಗಳಿಗೆ ಮೂರು ಬೇರೆ ಬೇರೆ ಲೆಕ್ಕಗಳಿವೆ. ಆದ್ದರಿಂದ ದೇಶದ ಹವಾಮಾನ ಕೇಳಬೇಡಿ, ನೀವು ತಂಗುವ ಊರಿನ ಹವಾಮಾನ ಕೇಳಿ.

ಏಪ್ರಿಲ್–ಮೇಯಲ್ಲೇ ಹೋಗಬೇಕಾದವರು ಥಾಯ್ಲೆಂಡ್, ಕಾಂಬೋಡಿಯ, ದುಬೈಗಳನ್ನು ಪಟ್ಟಿಯಿಂದ ತೆಗೆಯಬಹುದು; ನಮ್ಮ ಬಿಸಿಲನ್ನು ತಪ್ಪಿಸಿಕೊಂಡು ಇನ್ನೂ ದೊಡ್ಡ ಬಿಸಿಲಿಗೆ ಬಿದ್ದಂತಾಗುತ್ತದೆ. ಅದೇ ಕಾಲದಲ್ಲಿ ಇಂಡೋನೇಷ್ಯಾದ ಬಾಲಿಯಲ್ಲಿ ಒಣಹವೆ ಶುರುವಾಗುತ್ತದೆ, ಭೂಮಧ್ಯರೇಖೆಯ ಆಚೆಗಿರುವ ನ್ಯೂಜಿಲೆಂಡಿನಲ್ಲಿ ಶರತ್ಕಾಲದ ಎಲೆಗಳು ಬಣ್ಣ ಬದಲಿಸುತ್ತವೆ. ಹೂವಿನ ಹುಚ್ಚಿರುವವರಿಗೆ ನೆದರ್‌ಲೆಂಡ್ಸಿನ ಕ್ಯೂಕೆನ್‌ಹೊಫ್ ಉದ್ಯಾನ ತೆರೆದಿರುವುದು ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗಿನ ಸುಮಾರು ಎಂಟು ವಾರ ಮಾತ್ರ, ಮತ್ತು ಟ್ಯುಲಿಪ್ ಹೂಗಳು ಸಾಮಾನ್ಯವಾಗಿ ತುಂಬಿರುವುದು ಏಪ್ರಿಲ್ ಮಧ್ಯದಲ್ಲಿ. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಏಪ್ರಿಲ್ ಕೊನೆಯಿಂದ ಬ್ಲೂಬೆಲ್ ಅರಳುತ್ತದೆ. ಹಳೆಯ ಮೈಸೂರು ಸಂಸ್ಥಾನದ ಉದ್ಯಾನಗಳಿಗೆ ರೂಪ ಕೊಟ್ಟ ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗೆಲ್ ಭಾರತಕ್ಕೆ ಬರುವ ಮೊದಲು ಕೆಲಸ ಮಾಡಿದ್ದು ಆ ತೋಟದಲ್ಲಿಯೇ. ಜಪಾನಿನ ಚೆರ್ರಿ ಹೂ ನೋಡುವ ಆಸೆ ಇದ್ದರೆ ಟೋಕಿಯೊ, ಕ್ಯೋಟೊಗಳಿಗೆ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರ ಸರಿಯಾದ ಹೊತ್ತು. ಏಪ್ರಿಲ್ 29ರಿಂದ ಮೇ 5ರವರೆಗೆ ಅಲ್ಲಿ ಸಾಲು ಸಾಲು ರಜೆಗಳಿರುವುದರಿಂದ ರೈಲಿನಲ್ಲೂ ಹೋಟೆಲಿನಲ್ಲೂ ಜಾಗ ಸಿಗುವುದು ಕಷ್ಟ.

ಆಷಾಢ, ಶ್ರಾವಣದ ಬಿಡುವಿನವರಿಗೆ ಬಾಲಿ ಮತ್ತು ಪೂರ್ವ ಶ್ರೀಲಂಕಾ ಇವೆ. ಆನೆಯ ಅಂಬಾರಿ ನೋಡುತ್ತ ಬೆಳೆದ ನಮಗೆ ಕ್ಯಾಂಡಿಯ ಎಸಳ ಪೆರಹೆರ ಉತ್ಸವ ಹೊಸದೂ ಹೌದು, ಪರಿಚಿತವೂ ಹೌದು. ಅಲಂಕರಿಸಿದ ಆನೆಗಳ ಈ ಮೆರವಣಿಗೆ ಜುಲೈ–ಆಗಸ್ಟ್‌ನ ಹುಣ್ಣಿಮೆಯ ಹೊತ್ತಿಗೆ ಬರುತ್ತದೆ, ಆಗ ಕ್ಯಾಂಡಿಯ ಕೋಣೆ ಬಾಡಿಗೆ ಜಂಬೂಸವಾರಿಯ ವಾರದ ಮೈಸೂರಿನಂತೆಯೇ ಏರುತ್ತದೆ. ನಾಗರಹೊಳೆ, ಬಂಡೀಪುರಗಳನ್ನು ಸುತ್ತಿ ಮುಗಿಸಿದವರು ಕೆನ್ಯಾದ ಮಸಾಯ್ ಮಾರಾ ಕಾಡಿನಲ್ಲಿ ವಿಲ್ಡೆಬೀಸ್ಟ್ ಎಂಬ ಕಾಡುಪ್ರಾಣಿಗಳ ಹಿಂಡು ಇರುವ ಜುಲೈನಿಂದ ಅಕ್ಟೋಬರ್‌ವರೆಗಿನ ಕಾಲವನ್ನು ನೋಡಬಹುದು. ಆದರೆ ಕೆನ್ಯಾದಿಂದ ಮರಳುವಾಗ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು, ಮತ್ತು 60 ದಾಟಿದವರು ಅದಕ್ಕೂ ಮುಂಚೆ ತಮ್ಮ ವೈದ್ಯರನ್ನು ಕೇಳಲೇಬೇಕು.

ದಸರಾ ರಜೆಗೆ ನೇಪಾಳ ಬಹಳ ಒಳ್ಳೆಯ ಆಯ್ಕೆ. ಮಳೆ ತೊಳೆದ ಆಕಾಶದಲ್ಲಿ ಹಿಮಾಲಯ ಸ್ಪಷ್ಟವಾಗಿ ಕಾಣುವ ಕಾಲ ಅದು. ವೀಸಾ ಬೇಡ, ವಿಮಾನದಲ್ಲಿ ಹೋಗುವ ಭಾರತೀಯರಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿಯೂ ನಡೆಯುತ್ತದೆ. ಅವರಿಗೂ ಅದೇ ಹಬ್ಬ, ದಶೈಂ. ಮುಖ್ಯ ದಿನಗಳಲ್ಲಿ ಅಂಗಡಿ ಕಚೇರಿಗಳು ಮುಚ್ಚಿರುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ ಆಗ್ನೇಯ ಏಷ್ಯಾದ ಬಹುಭಾಗ ಹಿತವಾಗಿರುತ್ತದೆ. ಶಿಲ್ಪಾಸಕ್ತರು 12ನೆಯ ಶತಮಾನದಲ್ಲಿ ವಿಷ್ಣುವಿಗಾಗಿ ಕಟ್ಟಿದ ಅಂಕೋರ್ ವಾಟ್ ಅನ್ನು ನೋಡಬೇಕಾದದ್ದು ಆಗಲೇ. ಬೇಲೂರಿನಲ್ಲಿ ಹೊಯ್ಸಳ ವಿಷ್ಣುವರ್ಧನ ದೇವಾಲಯ ಕಟ್ಟಿಸಿದ್ದೂ ಅದೇ ಶತಮಾನದಲ್ಲಿ ಎಂಬುದನ್ನು ನೆನೆಯುತ್ತ ಅಲ್ಲಿ ನಡೆದಾಡುವುದರಲ್ಲಿ ಬೇರೆಯೇ ಒಂದು ಸುಖವಿದೆ.

ಋತುವೆಂದರೆ ಮಳೆ ಮತ್ತು ಚಳಿ ಎಂದಷ್ಟೇ ನಾವು ತಿಳಿಯುತ್ತೇವೆ, ಹಗಲಿನ ಉದ್ದವನ್ನು ಮರೆಯುತ್ತೇವೆ. ಮೈಸೂರಿನಲ್ಲಿ ವರ್ಷವಿಡೀ ಹಗಲು ಹನ್ನೊಂದು ಗಂಟೆಗಿಂತ ಹೆಚ್ಚು, ಹದಿಮೂರು ಗಂಟೆಗಿಂತ ಕಡಿಮೆ ಇರುವುದರಿಂದ ಈ ವಿಷಯ ನಮಗೆ ಹೊಳೆಯುವುದೇ ಇಲ್ಲ. ಲಂಡನ್ನಿನಲ್ಲಿ ಡಿಸೆಂಬರ್‌ನ ಹಗಲು ಸುಮಾರು ಎಂಟು ಗಂಟೆ, ಜೂನ್‌ನದು ಹದಿನಾರು ಗಂಟೆಗೂ ಹೆಚ್ಚು. ಡಿಸೆಂಬರ್‌ನಲ್ಲಿ ಅಲ್ಲಿ ಮಧ್ಯಾಹ್ನದ ಊಟ ಮುಗಿಸಿ ಹೊರಗೆ ಬರುವಷ್ಟರಲ್ಲಿ ಕತ್ತಲಾಗತೊಡಗುತ್ತದೆ. ನಾರ್ವೆಯ ಟ್ರೊಮ್ಸೊ ಊರಿನಲ್ಲಿ ಮೇ ಕೊನೆಯಿಂದ ಜುಲೈವರೆಗೆ ಸೂರ್ಯ ಮುಳುಗುವುದಿಲ್ಲ, ಆದ್ದರಿಂದ ಆಗ ಹೋದವರಿಗೆ ರಾತ್ರಿಯ ಆಕಾಶದಲ್ಲಿ ಬಣ್ಣಬಣ್ಣವಾಗಿ ಹೊಳೆಯುವ ಉತ್ತರದ ಬೆಳಕು (ಅರೋರಾ) ಕಾಣುವುದಿಲ್ಲ. ಅದಕ್ಕೆ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗಿನ ಕತ್ತಲೆಯೇ ಬೇಕು. ಸ್ವಿಟ್ಜರ್‌ಲೆಂಡಿನ ಬೆಟ್ಟಗಳಲ್ಲಿ ಕಾಲ್ನಡಿಗೆಯ ಆಸೆ ಇರುವವರಿಗೂ ಮೇ ತಿಂಗಳು ಬೇಗವಾಯಿತು, ಎತ್ತರದ ಹಾದಿಗಳಲ್ಲಿ ಹಿಮ ಕರಗುವುದು ಜೂನ್ ಕೊನೆಯ ಹೊತ್ತಿಗೆ.

ನಾಲ್ಕನೆಯ ಹೆಜ್ಜೆ: ಊರುಗಳನ್ನು ಕಡಿಮೆ ಮಾಡುವುದು

ಒಂಬತ್ತು ರಾತ್ರಿಗೆ ಎರಡು ಊರು, ಹೆಚ್ಚೆಂದರೆ ಮೂರು. ಊರು ಬದಲಿಸಿದ ಪ್ರತಿ ಸಲವೂ ಪೆಟ್ಟಿಗೆ ಕಟ್ಟುವುದು, ಕೋಣೆ ಬಿಡುವುದು, ದಾರಿ, ಮತ್ತೆ ಕೋಣೆ ಹಿಡಿಯುವುದು ಎಂದು ಮುಕ್ಕಾಲು ದಿನ ಹೋಗುತ್ತದೆ. ಐದು ಊರಿನ ಪ್ರವಾಸದಲ್ಲಿ ಹೀಗೆ ಮೂರು ದಿನ ಕಳೆದುಹೋದದ್ದು ಯಾವ ಕರಪತ್ರದಲ್ಲೂ ಕಾಣುವುದಿಲ್ಲ. ಒಂದು ಉದಾಹರಣೆ ನೋಡೋಣ. ಹಕ್ಕಿ ನೋಡುವ ಹವ್ಯಾಸದ ನಿವೃತ್ತ ಉಪಾಧ್ಯಾಯರು ಮತ್ತು ಹಳೆಯ ಕಟ್ಟಡ, ತೋಟಗಳನ್ನು ಮೆಚ್ಚುವ ಅವರ ಪತ್ನಿ ಫೆಬ್ರವರಿಯಲ್ಲಿ ಶ್ರೀಲಂಕಾಕ್ಕೆ ಹೊರಟಿದ್ದಾರೆ ಎಂದುಕೊಳ್ಳಿ. ಮೊದಲ ರಾತ್ರಿ ವಿಮಾನ ನಿಲ್ದಾಣದ ಹತ್ತಿರದ ನೆಗೊಂಬೊದಲ್ಲಿ. ನಂತರ ನಾಲ್ಕು ರಾತ್ರಿ ಕ್ಯಾಂಡಿಯಲ್ಲಿ: ಒಂದು ದಿನ 1821ರಲ್ಲಿ ಸ್ಥಾಪನೆಯಾದ ಪೆರಾದೆನಿಯ ಸಸ್ಯೋದ್ಯಾನಕ್ಕೆ, ಒಂದು ಬೆಳಿಗ್ಗೆ ಊರಿನ ಪಕ್ಕದ ಉಡವಟ್ಟಕೆಲೆ ಕಾಡಿಗೆ, ಒಂದು ಸಂಜೆ ಬುದ್ಧನ ದಂತದ ದೇವಾಲಯಕ್ಕೆ, ಒಂದು ದಿನ ಏನೂ ಇಲ್ಲದೆ. ಅಲ್ಲಿಂದ ಗಾಲೆಗೆ ಹೋಗಲು ಇಡೀ ಒಂದು ದಿನವನ್ನು ಬಿಟ್ಟು, ಡಚ್ಚರ ಹಳೆಯ ಕೋಟೆಯ ಒಳಗೆ ನಾಲ್ಕು ರಾತ್ರಿ. ಉಪಾಧ್ಯಾಯರು ಅಲ್ಲಿಂದ ಒಮ್ಮೆ ಸಿಂಹರಾಜ ಮಳೆಕಾಡಿಗೆ ಹೋಗಿ ದ್ವೀಪದ ಹೊರಗೆಲ್ಲೂ ಇಲ್ಲದ ಹಕ್ಕಿಗಳನ್ನು ಹುಡುಕಲಿ, ಪತ್ನಿ ಕೋಟೆಯ ಗೋಡೆಯ ಮೇಲೆ ಸಂಜೆ ನಡೆಯಲಿ.

ಯೋಜನೆಯಲ್ಲಿ ಬಂಡೆಯ ಮೇಲಿನ ಹಳೆಯ ಕೋಟೆ ಸಿಗಿರಿಯ ಯಾಕಿಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸೇರಿಸಬಹುದು, ಕ್ಯಾಂಡಿಯ ಬಿಡುವಿನ ದಿನವನ್ನು ಅದಕ್ಕೆ ಕೊಟ್ಟರೆ. ಆ ಬಂಡೆಗೆ ಸುಮಾರು 1,200 ಮೆಟ್ಟಿಲುಗಳಿವೆ. ಹೊರಡುವ ಎರಡು ತಿಂಗಳ ಮೊದಲು ಚಾಮುಂಡಿ ಬೆಟ್ಟವನ್ನು ಮೆಟ್ಟಿಲಿನ ದಾರಿಯಲ್ಲಿ ಒಮ್ಮೆ ಹತ್ತಿ ನೋಡಿ, ಮಂಡಿ ಏನು ಹೇಳುತ್ತದೆ ಎಂಬುದರ ಮೇಲೆ ತೀರ್ಮಾನ ಮಾಡಿ. ಹತ್ತಲಾಗದಿದ್ದರೂ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲಿನ ನಡಿಗೆಯನ್ನು ದಿನವೂ ಇಟ್ಟುಕೊಂಡರೆ ವಿದೇಶದ ಊರುಗಳಲ್ಲಿ ಕಾಲು ಸೋಲುವುದಿಲ್ಲ.

ದಿನದ ಲೆಕ್ಕ ಇನ್ನೂ ಸರಳ. ಬೆಳಿಗ್ಗೆ ಒಂದು ನೋಟ, ಮಧ್ಯಾಹ್ನ ವಿಶ್ರಾಂತಿ, ಸಂಜೆ ಮನಸ್ಸಿಗೆ ಬಂದದ್ದು. ದೂರದ ದೇಶವಾದರೆ ಮೊದಲ ದಿನಕ್ಕೆ ಯಾವ ಟಿಕೆಟ್ಟನ್ನೂ ಕೊಳ್ಳಬೇಡಿ. ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ ಇರುವುದರಿಂದ ಅಲ್ಲಿಯ ಬೆಳಗಿನ ಏಳು ಗಂಟೆ ನಿಮ್ಮ ದೇಹಕ್ಕೆ ಇನ್ನೂ ಮೂರೂವರೆ ಗಂಟೆಯ ನಡುರಾತ್ರಿ.

ಐದನೆಯ ಹೆಜ್ಜೆ: ಕಾಗದಪತ್ರ ಮತ್ತು ಹಣ

ಪಾಸ್‌ಪೋರ್ಟಿಗಾಗಿ ಮೈಸೂರಿನವರು ಬೆಂಗಳೂರಿಗೆ ಓಡಬೇಕಾದ ಕಾಲ ಹೋಗಿದೆ; ಅಂಚೆ ಕಚೇರಿಯ ಮೂಲಕ ಪಾಸ್‌ಪೋರ್ಟ್ ಸೇವೆ ಕೊಡುವ ಯೋಜನೆ 2017ರ ಜನವರಿಯಲ್ಲಿ ದೇಶದಲ್ಲಿ ಮೊದಲು ಶುರುವಾದದ್ದೇ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ. ಇರುವ ಪಾಸ್‌ಪೋರ್ಟಿನಲ್ಲಿ ಪ್ರವಾಸದ ದಿನದಿಂದ ಮುಂದೆ ಆರು ತಿಂಗಳ ಅವಧಿ ಉಳಿದಿದೆಯೇ ಎಂದು ಮೊದಲು ನೋಡಿ. ಮಕ್ಕಳ ಪಾಸ್‌ಪೋರ್ಟಿಗೆ ಹತ್ತು ವರ್ಷವಲ್ಲ, ಐದೇ ವರ್ಷ. ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರು ಇನ್ನಷ್ಟು ಎಚ್ಚರ ವಹಿಸಬೇಕು. ಮನೆತನದ ಹೆಸರಿಲ್ಲದೆ ಇನಿಷಿಯಲ್ ಮಾತ್ರ ಇರುವವರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಇರುವುದುಂಟು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗರಿಗೆ ಪ್ರವೇಶವಿಲ್ಲವೆಂದು 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನ ಪ್ರಕಟಿಸಿದಾಗ ಇಂಥವರೇ ತೊಂದರೆಗೆ ಸಿಕ್ಕಿದರು. ಟಿಕೆಟ್, ವೀಸಾ, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು.

ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಹೆಚ್ಚು ರಾತ್ರಿ ಕಳೆಯುವ ದೇಶದ ಮೂಲಕವೇ ಹಾಕಬೇಕು, 30,000 ಯೂರೊಗಿಂತ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ. ಬೇಸಿಗೆಗೆ ಹೋಗುವವರು ಸಂದರ್ಶನದ ದಿನಾಂಕವನ್ನು ಚಳಿಗಾಲದಲ್ಲೇ ಹುಡುಕಲು ಶುರುಮಾಡಬೇಕು. ಉಳಿದ ದೇಶಗಳ ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ. ಆಯಾ ದೇಶದ ಸರ್ಕಾರಿ ಜಾಲತಾಣವನ್ನೇ ನೋಡಿ, ನೆಂಟರ ವಾಟ್ಸಾಪ್ ಸಂದೇಶವನ್ನಲ್ಲ. ವಿಮೆ ಕಡ್ಡಾಯವಲ್ಲದ ದೇಶಕ್ಕೂ ಅದನ್ನು ಮಾಡಿಸಿಕೊಳ್ಳಿ, ಮೊದಲೇ ಇರುವ ಕಾಯಿಲೆಗಳನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಪ್ಯಾಕೇಜ್ ಕೊಂಡರೆ ಅದರ ಮೇಲೆ ಟಿಸಿಎಸ್ ಎಂಬ ತೆರಿಗೆಯನ್ನು ಮುಂಗಡವಾಗಿ ಹಿಡಿಯುತ್ತಾರೆ; ರಸೀದಿ ಇಟ್ಟುಕೊಂಡರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು.

ಆರನೆಯ ಹೆಜ್ಜೆ: ಊಟ ಮತ್ತು ಚೀಲ

ಸಸ್ಯಾಹಾರಿಗಳಿಗೆ ಕಷ್ಟ ಬರುವುದು ಕಣ್ಣಿಗೆ ಕಾಣುವ ಮಾಂಸದಿಂದಲ್ಲ, ಕಾಣದ ಮೀನಿನಿಂದ. ಜಪಾನಿನ ಸಾರುಗಳ ಬುಡದಲ್ಲಿ ದಾಶಿ ಇರುತ್ತದೆ, ಅದನ್ನು ಹೆಚ್ಚಾಗಿ ಒಣಮೀನಿನಿಂದಲೇ ಕುದಿಸುತ್ತಾರೆ. ಥಾಯ್ಲೆಂಡ್, ವಿಯೆಟ್ನಾಂಗಳಲ್ಲಿ ತರಕಾರಿಗೂ ಮೀನಿನ ರಸ ಹಾಕುತ್ತಾರೆ. ಶ್ರೀಲಂಕಾದಲ್ಲಿ ಒತ್ತು ಶಾವಿಗೆಯ ಜೊತೆ ಬರುವ ಕಾಯಿಚಟ್ನಿಯಲ್ಲೂ ಒಣಮೀನಿನ ಪುಡಿ ಇರಬಹುದು. ಸಸ್ಯಾಹಾರ ಎಂಬ ಅರ್ಥದಲ್ಲಿ ವಿಯೆಟ್ನಾಂನಲ್ಲಿ ‘ಚಾಯ್’, ಥಾಯ್ಲೆಂಡಿನಲ್ಲಿ ‘ಜೇ’ ಎಂಬ ಪದಗಳನ್ನು ಕಲಿತುಕೊಂಡರೆ ಎಷ್ಟೋ ಬಾಗಿಲು ತೆರೆಯುತ್ತದೆ. ಚಟ್ನಿಪುಡಿ, ಹುರಿದ ಅವಲಕ್ಕಿ, ಪುಳಿಯೋಗರೆ ಗೊಜ್ಜು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಆದರೆ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನಲ್ಲಿ ತಿನ್ನುವ ವಸ್ತು ಯಾವುದೇ ಇರಲಿ ಇಳಿದಾಗ ಕೊಡುವ ನಮೂನೆಯಲ್ಲಿ ಬರೆದು ಘೋಷಿಸಬೇಕು, ಇಲ್ಲದಿದ್ದರೆ ದಂಡ. ಗಸಗಸೆಯನ್ನಂತೂ ಚೀಲದೊಳಗೆ ಬಿಡಲೇಬೇಡಿ. ನಮ್ಮ ಮನೆಗಳಲ್ಲಿ ಹಬ್ಬದ ಪಾಯಸಕ್ಕೆ ಬಳಸುವ ಈ ಕಾಳು ಅಫೀಮಿನ ಗಿಡದ್ದಾದ್ದರಿಂದ ಸಂಯುಕ್ತ ಅರಬ್ ಸಂಸ್ಥಾನ ಮತ್ತು ಸಿಂಗಪುರದಲ್ಲಿ ಮಾದಕವಸ್ತುಗಳ ಸಾಲಿನಲ್ಲಿ ನಿಷಿದ್ಧ. ಅಲ್ಲಿರುವ ಮಗಳಿಗೆಂದು ತಾಯಿ ಕಟ್ಟಿಕೊಡುವ ಮಸಾಲೆಪುಡಿಯಲ್ಲೂ ಅದು ಸೇರಿದೆಯೇ ಎಂದು ಕೇಳಿ. ಔಷಧಗಳನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲಿ ಇಟ್ಟುಕೊಳ್ಳಿ.

ಕೊನೆಯದು: ದೇವನಹಳ್ಳಿಯ ದಾರಿ

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ವಿದೇಶಕ್ಕೆ ವಿಮಾನವಿಲ್ಲ, ಆದ್ದರಿಂದ ನಮ್ಮ ಪ್ರವಾಸ ಶುರುವಾಗುವುದು ಸುಮಾರು 180 ಕಿಲೋಮೀಟರ್ ದೂರದ ದೇವನಹಳ್ಳಿಯಲ್ಲಿ. 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಬೆಂಗಳೂರಿನ ಅಂಚನ್ನು ಬೇಗ ಮುಟ್ಟುತ್ತೇವೆ, ಅಲ್ಲಿಂದಾಚೆಗಿನ ದಾರಿ ಮಾತ್ರ ಯಾರ ಕೈಯಲ್ಲೂ ಇಲ್ಲ. ವಿಮಾನ ಹೊರಡುವ ಮೂರು ಗಂಟೆ ಮೊದಲು ಅಲ್ಲಿರಬೇಕು, ದಾರಿಗೆ ನಾಲ್ಕೂವರೆಯಿಂದ ಐದು ಗಂಟೆ ಇಡಬೇಕು. ಭಾನುವಾರ ಸಂಜೆ ಊರಿಗೆ ಬಂದವರೆಲ್ಲ ಬೆಂಗಳೂರಿಗೆ ಮರಳುವ ಹೊತ್ತಿನಲ್ಲಿ ಹೊರಡುವುದಾದರೆ ಇನ್ನೂ ಒಂದು ಗಂಟೆ ಸೇರಿಸಿ. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಮೈಸೂರಿನಿಂದ ನೇರವಾಗಿ ನಿಲ್ದಾಣದ ಬಾಗಿಲಿಗೆ ಹೋಗುತ್ತದೆ. ಇಬ್ಬರು ಮೂವರಿಗೆ ಕಾರಿಗಿಂತ ಅಗ್ಗ, ನಿದ್ದೆಯೂ ಆಗುತ್ತದೆ. ಬರುವಾಗ ನಡುರಾತ್ರಿ ಇಳಿಯುವ ವಿಮಾನವಾದರೆ ನಿದ್ದೆಗೆಟ್ಟ ಮನೆಯವರನ್ನು ಕಾರು ಓಡಿಸಿಕೊಂಡು ಬರಲು ಹೇಳಬೇಡಿ, ಬಸ್ಸಿನ ಸೀಟನ್ನು ಮೊದಲೇ ಕಾಯ್ದಿರಿಸಿ. ರಜೆಯ ಅರ್ಜಿಯಲ್ಲಿ ಮನೆ ಸೇರಿದ ಮರುದಿನವನ್ನೂ ಸೇರಿಸಿ ಬರೆಯಿರಿ. ಬಟ್ಟೆ ಒಗೆಯುವುದಕ್ಕೆ ಅರ್ಧ ದಿನ ಬೇಕು, ಹಾಲಿನವರಿಗೂ ಪತ್ರಿಕೆಯವರಿಗೂ ಬಂದೆವೆಂದು ಹೇಳುವ ಕೆಲಸವೂ ಇರುತ್ತದೆ.